ಮುಖಪುಟಕ್ಕೆ ಯಾರು? ವಿದ್ಯಾರ್ಥಿಗಳ ಸಂಗೀತ ಪತ್ರಿಕೆಯೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ಪದವಿ ಕಾಲೇಜು. ಪತ್ರಿಕೋದ್ಯಮವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರು ಕೊನೆಯ ಸೆಮಿಸ್ಟರ್‌ನಲ್ಲಿ ತಮ್ಮದೇ ಒಂದು ಪತ್ರಿಕೆಯನ್ನು ಯೋಚಿಸಿ, ಬರೆದು, ಪುಟ ಕಟ್ಟಿ, ಅಚ್ಚು ಹಾಕಿಸಿ ಪರೀಕ್ಷಕರ ಮುಂದಿಡಬೇಕು. ಇಲ್ಲಿ ಹೇಳುತ್ತಿರುವುದು ಐವರ ಒಂದು ತಂಡದ ಕಥೆ. ಅವರು ಆರಿಸಿಕೊಂಡ ವಿಷಯ ಸಂಗೀತ. ಊರು, ಕಾಲೇಜು, ಪತ್ರಿಕೆಯ ಹೆಸರು ಮೂರನ್ನೂ ಬಿಟ್ಟಿದ್ದೇನೆ. ವಿದ್ಯಾರ್ಥಿಗಳನ್ನು ಅವರ ಕೆಲಸದಿಂದಲೇ ಕರೆದಿದ್ದೇನೆ: ಸಂಪಾದಕಿ, ವಿನ್ಯಾಸಗಾರ, ಛಾಯಾಗ್ರಾಹಕ, ಇಬ್ಬರು ವರದಿಗಾರ್ತಿಯರು. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಪುಟ ಕಟ್ಟುವ ಕೆಲಸದವನು. ಆ ಸೆಮಿಸ್ಟರ್ ಅಲ್ಲಿಗೆ ಅತಿಥಿ ಮಾರ್ಗದರ್ಶಕನಾಗಿ ಹೋಗಿಬರುತ್ತಿದ್ದೆ.

ವಿಭಾಗದ ಷರತ್ತುಗಳು ಸರಳ. ಎ4 ಅಳತೆ, ಮುಖಪುಟ ಸೇರಿ 20 ಪುಟ, ನಡುವೆ ಪಿನ್ ಹೊಡೆದ ಹೊಲಿಗೆ. ಚಿತ್ರಗಳೆಲ್ಲ ತಂಡದವರೇ ತೆಗೆದವಾಗಿರಬೇಕು. ಓದುಗರು ಯಾರು ಎಂಬುದನ್ನು ವಿಚಾರಿಸಿ ತಿಳಿದುಕೊಂಡು ಒಂದು ಟಿಪ್ಪಣಿ ಬರೆಯಬೇಕು. ಪ್ರತಿಗಳ ಮೇಲೆ ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದಿರಬೇಕು. ನಿಯತಕಾಲಿಕವಾಗಿ ಹೊರಗೆ ಮಾರಲು ಹೊರಟರೆ ನೋಂದಣಿಯ ಮಾತು ಬರುತ್ತದೆ. 1867ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2023ರ ಹೊಸ ಕಾಯ್ದೆ 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಪಾಠದ ಪತ್ರಿಕೆಗೆ ಆ ಉಸಾಬರಿ ಬೇಡವೆಂಬುದು ವಿಭಾಗದ ನಿಲುವು.

ಊರಿನ ಸುತ್ತಲ ಸಂಗೀತದ ಬಗ್ಗೆ ಹೇಳಹೊರಟರೆ ಮುಗಿಯುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಬಾಳಿದ ಸೀಮೆ. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ, ಸುಳೇಭಾವಿಯ ಕುಮಾರ ಗಂಧರ್ವ, ಗದಗಿನ ವೀರೇಶ್ವರ ಪುಣ್ಯಾಶ್ರಮ. ಆದರೆ ಆ ಐವರ ಮೊಬೈಲಿನಲ್ಲಿ ಇದ್ದದ್ದು ಸಿನಿಮಾ ಹಾಡು, ಕನ್ನಡ ರ‍್ಯಾಪ್, ಡಿಜೆ ಬಡಿತಕ್ಕೆ ಕೂಡಿಸಿದ ಜಾನಪದ. ಇದನ್ನು ದೂರಿನಂತೆ ಹೇಳುತ್ತಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ನನ್ನ ಕ್ಯಾಸೆಟ್ಟುಗಳ ಪೆಟ್ಟಿಗೆಯಲ್ಲೂ ಮನ್ಸೂರರು ಇರಲಿಲ್ಲ.

ಮೊದಲ ಡಮ್ಮಿ

ತಂಡ ಮೊದಲು ತಂದು ತೋರಿಸಿದ ಡಮ್ಮಿ (ಅಚ್ಚಿಗೆ ಮುಂಚಿನ ಮಾದರಿ ಪ್ರತಿ) ದೂರದಿಂದ ನೋಡಲು ಭರ್ಜರಿಯಾಗಿತ್ತು. ಕಪ್ಪು ಹಿನ್ನೆಲೆ, ಮುಖಪುಟದ ತುಂಬ ಜನಪ್ರಿಯ ಗಾಯಕರೊಬ್ಬರ ಚಿತ್ರ, ಅವರ ತಲೆ ಪತ್ರಿಕೆಯ ಹೆಸರಿನ ಮೇಲೆ ಸ್ವಲ್ಪ ಹತ್ತಿಕೊಂಡಂತೆ. ಒಳಗೆ ಮೂರು ಕಾಲಂ, ತೆಳ್ಳನೆಯ ಅಕ್ಷರ, ಪುಟಕ್ಕೊಂದು ಕ್ಯೂಆರ್ ಕೋಡ್. ವಿನ್ಯಾಸಗಾರ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಒಂದು ಟೆಂಪ್ಲೇಟ್ ಇಳಿಸಿಕೊಂಡಿದ್ದ. 1952ರಲ್ಲಿ ಲಂಡನ್ನಿನಲ್ಲಿ ಶುರುವಾದ ಎನ್‌ಎಂಇ, 1967ರ ರೋಲಿಂಗ್ ಸ್ಟೋನ್ ಮುಂತಾದ ಸಂಗೀತ ಪತ್ರಿಕೆಗಳು ರೂಢಿಗೆ ತಂದ ನೋಟ ಅದು: ನಕ್ಷತ್ರದ ಮುಖ, ನೇರ ಕಣ್ಣು, ಸುತ್ತ ಬಿಸಿಬಿಸಿ ಸಾಲುಗಳು. ಸುಮ್ಮನೆ ನಕಲು ಮಾಡಿದ ಎಂದರೆ ಅನ್ಯಾಯವಾದೀತು. ನಮ್ಮಲ್ಲಿ ಸಂಗೀತಕ್ಕೆಂದೇ ಬಂದ ಪತ್ರಿಕೆಗಳನ್ನೂ ಅವನು ಹುಡುಕಿ ನೋಡಿದ್ದ: ಚೆನ್ನೈಯಿಂದ 1983ರಲ್ಲಿ ಶುರುವಾದ ‘ಶ್ರುತಿ’, 1993ರಲ್ಲಿ ಅಲಹಾಬಾದಿನಿಂದ ಹೊರಟ ‘ರಾಕ್ ಸ್ಟ್ರೀಟ್ ಜರ್ನಲ್’. ಎರಡೂ ಇಂಗ್ಲಿಷಿನವು. ಕನ್ನಡದ ಅಕ್ಷರ ಕೂರಿಸಿ ತೋರಿಸುವ ಮಾದರಿ ಅವನ ಕೈಗೆ ಸಿಕ್ಕಿರಲಿಲ್ಲ.

ಹತ್ತಿರದಿಂದ ನೋಡಿದಾಗ ಡಮ್ಮಿ ಬಿಚ್ಚಿಕೊಳ್ಳತೊಡಗಿತು.

ಮೊದಲನೆಯದು, ಮುಖಪುಟದ ಚಿತ್ರ ಅವರದ್ದಲ್ಲ. ಯಾವುದೋ ಜಾಲತಾಣದಿಂದ ಎತ್ತಿದ್ದು. ಷರತ್ತು ಅಲ್ಲೇ ಮುರಿದಿತ್ತು, ಹಕ್ಕುಸ್ವಾಮ್ಯದ ತೊಡಕು ಬೇರೆ. ಎರಡನೆಯದು ಅಕ್ಷರ. ಒಬ್ಬ ವರದಿಗಾರ್ತಿ ‘ನುಡಿ’ ತಂತ್ರಾಂಶದಲ್ಲಿ ಹಳೆಯ ಎಎಸ್‌ಸಿಐಐ ಫಾಂಟ್ ಬಳಸಿ ಟೈಪಿಸಿದ್ದಳು, ಇನ್ನೊಬ್ಬಳು ಮೊಬೈಲಿನಲ್ಲಿ ಯೂನಿಕೋಡ್; ಎರಡರಲ್ಲೂ ಅಕ್ಷರಗಳ ಸಂಕೇತವೇ ಬೇರೆ. ಪರಿವರ್ತಕದಲ್ಲಿ ಹಾಕಿ ತೆಗೆದ ಪಠ್ಯದಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಒತ್ತಕ್ಷರಗಳು ಕೆಳಗೆ ಇಳಿಯದೆ ಸಾಲಿನಲ್ಲೇ ಬಿಡಿಬಿಡಿಯಾಗಿ ನಿಂತಿದ್ದವು. ಇದರ ಮದ್ದು ಸಣ್ಣದು: ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ಸಾಮಾನ್ಯ ಕಂಪೋಸರ್ ಬಿಟ್ಟು ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಅದು ಗೊತ್ತಿಲ್ಲದೆ ವಿನ್ಯಾಸಗಾರ ಪ್ರತಿ ಒತ್ತಕ್ಷರವನ್ನೂ ಕೈಯಿಂದ ಎಳೆದು ಕೂರಿಸುತ್ತ ರಾತ್ರಿಗಳನ್ನು ಕಳೆದಿದ್ದ. ಈ ಬರಹದಿಂದ ಯಾರಾದರೂ ಒಂದೇ ಒಂದು ತಾಂತ್ರಿಕ ಸಂಗತಿ ಒಯ್ಯುವುದಾದರೆ ಅದು ಇದೇ ಆಗಲಿ.

ಮೂರನೆಯದು ಟೆಂಪ್ಲೇಟಿನ ಅಳತೆ. ಅಲ್ಲಿನ ಶೀರ್ಷಿಕೆಗಳು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಹೊಲಿದ ಅಂಗಿ: ಮೇಲೂ ಕೆಳಗೂ ಸಪಾಟು. ಕನ್ನಡಕ್ಕೆ ದೊಡ್ಡಕ್ಷರ, ಸಣ್ಣಕ್ಷರ ಎಂಬುದಿಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು, ವಟ್ರಸುಳಿ. ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತಿತ್ತು. ಕಿರಿದಾದ ಕಾಲಮ್ಮಿನಲ್ಲಿ ‘ಹಾಡಿಕೊಂಡಿದ್ದವರಿಗೆಲ್ಲ’ ಎಂಬಂಥ ಒಂದು ಪದ ಬಂದರೆ ಸಾಲೇ ಭರ್ತಿ, ಪಕ್ಕದ ಸಾಲಿನಲ್ಲಿ ಪದಗಳ ನಡುವೆ ಬೆರಳು ತೂರುವಷ್ಟು ಜಾಗ. ಮತ್ತು ಆ ಮಾಸ್ಟ್‌ಹೆಡ್! ಪತ್ರಿಕೆಯ ಹೆಸರಿನಲ್ಲೊಂದು ಒತ್ತಕ್ಷರವಿತ್ತು. ಗಾಯಕರ ತಲೆಗೂದಲು ಮುಚ್ಚಿದ್ದು ಸರಿಯಾಗಿ ಅದನ್ನೇ. ಉಳಿದದ್ದನ್ನು ಓದಿದರೆ ಪತ್ರಿಕೆಗೆ ಹೆಸರೇ ಬೇರೆ.

ಆದರೆ ಇವೆಲ್ಲ ರಿಪೇರಿಯ ಮಾತು. ನಿಜವಾದ ತೊಂದರೆ ಮಾತಿಗೆ ಕುಳಿತಾಗ ಹೊರಬಿತ್ತು. ಬಣ್ಣದ ಮೇಲೆ, ಫಾಂಟಿನ ಮೇಲೆ, ಯಾವ ಲೇಖನ ಮೊದಲು ಎಂಬುದರ ಮೇಲೆ ಐವರಿಗೂ ಐದು ಅಭಿಪ್ರಾಯ. ಯಾರ ವಾದವನ್ನೂ ಇತ್ಯರ್ಥ ಮಾಡಲು ಒಂದು ಅಳತೆಗೋಲು ಇರಲಿಲ್ಲ. ‘ನನಗ ಇದು ಚಂದ ಕಾಣ್ತದ’ ಎಂಬುದಕ್ಕೆ ‘ನನಗ ಕಾಣಂಗಿಲ್ಲ’ ಎಂಬುದೇ ಉತ್ತರ.

ಎರಡನೆಯ ಬಾರಿಯ ಪ್ರಶ್ನೆಗಳು

ಓದುಗರ ಸಮೀಕ್ಷೆ ಆಗಲೇ ನಡೆದಿತ್ತು. ‘ನಿಮಗೆ ಯಾವ ಸಂಗೀತ ಇಷ್ಟ?’ ಎಂದು ಕೇಳಿದ್ದರು, ‘ಎಲ್ಲಾ’ ಎಂಬ ಉತ್ತರ ಬಂದಿತ್ತು. ಅದನ್ನು ವೃತ್ತಚಿತ್ರವಾಗಿ ಬಣ್ಣ ತುಂಬಿ ಟಿಪ್ಪಣಿಗೆ ಅಂಟಿಸಿಯೂ ಆಗಿತ್ತು. ಇದರಿಂದ ಒಂದು ಪುಟವನ್ನೂ ಕಟ್ಟಲಾಗದು ಎಂದು ಮೊದಲು ಹೇಳಿದವಳು ಸಂಪಾದಕಿ. ನಾನಲ್ಲ. ಅವಳು ಪ್ರಶ್ನೆಗಳನ್ನು ತಿರುಗಿಸಿದಳು: ಸಂಗೀತದ ಬಗ್ಗೆ ಕೊನೆಯ ಬಾರಿ ಏನು ಓದಿದಿರಿ? ಎಲ್ಲಿ? ಯಾರನ್ನಾದರೂ ಕೇಳಬೇಕೆಂದು ಅನಿಸಿ ಕೇಳಲಾಗದೆ ಉಳಿದ ಪ್ರಶ್ನೆ ಯಾವುದು?

ಉತ್ತರಗಳು ಯಾರೂ ನಿರೀಕ್ಷಿಸದ ಕಡೆಗೆ ಹೋದವು. ಹೊಸ ಹಾಡಿನ ಸುದ್ದಿ ಎಲ್ಲರಿಗೂ ಫೋನಿನಲ್ಲೇ ಸಿಗುತ್ತದೆ. ಅದಕ್ಕೆ ಕಾಗದ ಬೇಕಿಲ್ಲ. ಹಾಡಿನ ವಿಮರ್ಶೆ ಓದುವವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಉಳಿದ ಪ್ರಶ್ನೆಗಳು ಮಾತ್ರ ಬೇರೆ ಥರ. ಹಳೆಯ ಹಾರ್ಮೋನಿಯಂ ಕೊಂಡರೆ ಮೋಸ ಹೋಗುತ್ತೇನೆಯೇ? ಹಾಸ್ಟೆಲಿನಲ್ಲಿ ತಬಲಾ ಅಭ್ಯಾಸ ಮಾಡುವುದು ಹೇಗೆ? ಮದುವೆ ಆರ್ಕೆಸ್ಟ್ರಾದಲ್ಲಿ ಹಾಡಲು ಯಾರನ್ನು ಕೇಳಬೇಕು? ಭಜನೆ ಮೇಳದಲ್ಲಿ ಹುಡುಗಿಯರನ್ನು ಸೇರಿಸಿಕೊಳ್ಳುತ್ತಾರೆಯೇ? ಕೇಳಿದವರಲ್ಲಿ ಬಹಳ ಮಂದಿ ಬರೀ ಕೇಳುಗರಾಗಿರಲಿಲ್ಲ. ಏನನ್ನೋ ನುಡಿಸುವವರು, ನುಡಿಸಬೇಕೆಂದು ಒಳಗೊಳಗೇ ಆಸೆ ಇಟ್ಟುಕೊಂಡವರು.

ಸಂಪಾದಕಿ ಆ ರಾತ್ರಿ ಗುಂಪಿಗೆ ಕಳಿಸಿದ ಸಂದೇಶವನ್ನು ನಾನು ಆಮೇಲೆ ನೋಡಿದೆ. ನಮ್ಮ ಓದುಗ ಅಭಿಮಾನಿ ಅಲ್ಲ, ಕಲಿಯುವವ ಎಂಬುದು ಅದರ ತಿರುಳು. ಮುಂದೆ ಯಾವ ತಕರಾರು ಎದ್ದರೂ ಈ ಒಂದು ಸಾಲಿನ ಮುಂದೆ ತಂದು ನಿಲ್ಲಿಸಿದರು. ತೆಳ್ಳನೆಯ ಅಕ್ಷರ ಹೋಯಿತು, ಏಕೆಂದರೆ ಕಲಿಯುವವ ಪುಟವನ್ನು ವಾದ್ಯದ ಪಕ್ಕದಲ್ಲಿಟ್ಟು ಓದುತ್ತಾನೆ. ಕಪ್ಪು ಹಿನ್ನೆಲೆಯೂ ಹೋಯಿತು. ಅದಕ್ಕೆ ಅಚ್ಚಿನ ಕಾರಣವೂ ಇತ್ತು: ನಾಲ್ಕು ಬಣ್ಣ ಒಂದರ ಮೇಲೊಂದು ಬಿದ್ದು ಆಗುವ ಕಪ್ಪಿನಲ್ಲಿ ಬಿಳಿ ಅಕ್ಷರ ಕೊರೆದರೆ, ಬಣ್ಣಗಳು ಕೂದಲೆಳೆಯಷ್ಟು ಸರಿದರೂ ಕನ್ನಡದ ಸಣ್ಣ ಸುಳಿಗಳು ತುಂಬಿಕೊಳ್ಳುತ್ತವೆ. ಬಿಳಿ ಕಾಗದ, ಶುದ್ಧ ಕಪ್ಪು ಅಕ್ಷರ, ಜೊತೆಗೆ ಕುಂಕುಮದ ಕೆಂಪು. ಪಠ್ಯ 10.5 ಪಾಯಿಂಟ್, ಸಾಲಿನ ಅಂತರ 15.5. ಮೂರು ಕಾಲಂ ಎರಡಾಯಿತು, ಬಲಗಡೆಯ ಅಂಚನ್ನು ಸಮ ಮಾಡುವ ಹಟ ಬಿಟ್ಟರು. ಮಾಸ್ಟ್‌ಹೆಡ್ ಮೇಲೆ ಯಾರ ತಲೆಯೂ ಹತ್ತಬಾರದು ಎಂದಾಯಿತು.

ಮುಖಪುಟದ ಜಗಳ

ತೀರ್ಮಾನವಾಗದೆ ಉಳಿದದ್ದು ಮುಖಪುಟ. ವರದಿಗಾರ್ತಿಯೊಬ್ಬಳು ಮೀರಜಿಗೆ ಹೋಗೋಣ ಎಂದಳು. ತಂಬೂರಿ, ಸಿತಾರ್ ಮಾಡುವ ಊರು, ರೈಲಿನ ಹಾದಿ, ಮತ್ತು ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಸುದ್ದಿ ಆಗಿನ್ನೂ ತಾಜಾ. ಹೋದರು. ಪಂಢರಪುರ, ಮಂಗಳವೇಢೆ ಕಡೆಯಿಂದ ಬರುವ ದೊಡ್ಡ ಸೋರೆಬುರುಡೆಗಳು ಅಟ್ಟದ ಮೇಲೆ ಸಾಲಾಗಿ ಒಣಗುತ್ತಿದ್ದವು. ಛಾಯಾಗ್ರಾಹಕ ತೆಗೆದ ಚಿತ್ರಗಳಲ್ಲಿ ಒಂದು ಎಲ್ಲರನ್ನೂ ಹಿಡಿದು ನಿಲ್ಲಿಸಿತು: ಬುರುಡೆಯ ಮೇಲೆ ಉಳಿ ಹಿಡಿದ ಮುದಿ ಕೈಗಳು.

ಸಂಪಾದಕಿಗೆ ಅದೇ ಮುಖಪುಟ. ವಿನ್ಯಾಸಗಾರ ಒಪ್ಪಲಿಲ್ಲ. ಕೈ ನೋಡಿ ಯಾರೂ ಪತ್ರಿಕೆ ಎತ್ತುವುದಿಲ್ಲ, ಮುಖ ಬೇಕು ಎಂದ. ವಾದ ಬೆಳೆದು ಮಾತು ಬಿಡುವ ಹಂತಕ್ಕೆ ಬಂತು. ಆಗ ನಾನು ಸೂಚಿಸಿದ್ದು ಇಷ್ಟೇ: ಎರಡನ್ನೂ ಪ್ರಿಂಟ್ ತೆಗೆಸಿ, ಹಳೆಯ ಪತ್ರಿಕೆಗಳಿಗೆ ಹೊದಿಸಿ, ಗ್ರಂಥಾಲಯದ ಮೇಜಿನ ಮೇಲೆ ಇಟ್ಟು ದೂರ ಕುಳಿತು ನೋಡಿ. ಏನನ್ನೂ ಕೇಳಬೇಡಿ.

ವಿನ್ಯಾಸಗಾರ ಗೆದ್ದ. ಗಾಯಕರ ಮುಖವಿದ್ದ ಪ್ರತಿಯನ್ನು ಎತ್ತಿದವರು ಸ್ಪಷ್ಟವಾಗಿ ಹೆಚ್ಚು. ಆದರೆ ಎತ್ತಿದವರು ಒಳಗೆ ಹುಡುಕಿದ್ದು ಆ ಗಾಯಕರನ್ನು. ‘ಒಳಗ ಇವರ ಸಂದರ್ಶನ ಎಲ್ಲೈತಿ?’ ಎಂದು ಒಬ್ಬ ಗ್ರಂಥಪಾಲಕರನ್ನೇ ಕೇಳಿದ. ಸಂದರ್ಶನ ಇರಲಿಲ್ಲ, ಸಿಗುವಂತೆಯೂ ಇರಲಿಲ್ಲ. ಮುಖಪುಟ ಕೊಟ್ಟ ಮಾತನ್ನು ಒಳಪುಟ ಉಳಿಸಿಕೊಳ್ಳಲಾರದು. ಕೈಗಳಿದ್ದ ಪ್ರತಿಯ ಮುಂದೆ ಬಹುಪಾಲು ಜನ ನಿಲ್ಲಲೇ ಇಲ್ಲ. ಅದನ್ನೂ ಒಪ್ಪಿಕೊಳ್ಳಬೇಕಾಯಿತು.

ಇಬ್ಬರೂ ತಮ್ಮ ತಮ್ಮ ಆಯ್ಕೆ ಸೋತದ್ದನ್ನು ಕಣ್ಣಾರೆ ಕಂಡಿದ್ದರಿಂದಲೇ ಮೂರನೆಯದು ಸಾಧ್ಯವಾಯಿತು ಎಂದು ನನ್ನ ಅಂದಾಜು. ಮುಖ ಬೇಕು, ನಿಜ. ಆದರೆ ಓದುಗನಂಥದೇ ಒಂದು ಮುಖ. ಪಕ್ಕದ ಹಳ್ಳಿಯ ಭಜನಾ ಮೇಳದಲ್ಲಿ ತಬಲಾ ಬಾರಿಸುವ, ಅವರದೇ ವಯಸ್ಸಿನ ಹುಡುಗಿಯೊಬ್ಬಳು ಸಮೀಕ್ಷೆಯ ಹೊತ್ತಿನಲ್ಲೇ ಸಿಕ್ಕಿದ್ದಳು. ಅವಳಿಗೂ ಮನೆಯವರಿಗೂ ಚಿತ್ರ ಎಲ್ಲಿ, ಎಷ್ಟು ಪ್ರತಿಯಲ್ಲಿ ಬರುತ್ತದೆಂದು ತಿಳಿಸಿ ಲಿಖಿತ ಒಪ್ಪಿಗೆ ಪಡೆದರು. ಮನೆಯ ಪಡಸಾಲೆ, ಬಾಗಿಲಿನಿಂದ ಬೀಳುವ ಸಂಜೆಬೆಳಕು, ಹಿಂದೆ ಒಂದು ಕಪ್ಪು ಕಂಬಳಿ. ಕ್ಯಾಮೆರಾದತ್ತ ನೇರ ನೋಟ. ಟೆಂಪ್ಲೇಟಿನಿಂದ ಉಳಿದದ್ದು ಆ ನೇರ ನೋಟ ಮಾತ್ರ, ಅದು ಉಳಿಯಬೇಕಾದದ್ದೇ.

ಚಿತ್ರ ಚೆನ್ನಾಗಿ ಬಂತು, ಪುಟದಲ್ಲಿ ಮಸುಕಾಯಿತು. ಛಾಯಾಗ್ರಾಹಕ ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ. ಎ4 ಪುಟ ತುಂಬಲು ಇಂಚಿಗೆ 300 ಚುಕ್ಕಿಯ (ಡಿಪಿಐ) ಲೆಕ್ಕದಲ್ಲಿ 2480×3508 ಪಿಕ್ಸೆಲ್ ಬೇಕು, ಅಂಚು ಕತ್ತರಿಸಲು ಸುತ್ತ 3 ಮಿಲಿಮೀಟರ್ ಬೇರೆ. ಚಿತ್ರವನ್ನು ಚಿತ್ರವಾಗಿಯೇ ಕಳಿಸಿದರೆ ಆ್ಯಪ್ ಅದನ್ನು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಅಳತೆ ಉಳಿಯುತ್ತದೆ. ಮೂಲ ಫೋನಿನಲ್ಲಿತ್ತು, ಬದುಕಿದರು.

ನಡುವಿನ ಪುಟ, ಘರಾನೆಯ ನಕ್ಷೆ

ಮೀರಜಿನ ಕೈಗಳು ಜೋಡಿಪುಟಕ್ಕೆ ಹೋದವು. ಉದ್ದನೆಯ ತಂಬೂರಿಯೊಂದನ್ನು ಎಡಪುಟದಿಂದ ಬಲಪುಟಕ್ಕೆ ಅಡ್ಡ ಮಲಗಿಸುವ ಆಲೋಚನೆ ವಿನ್ಯಾಸಗಾರನದು. ಮೊದಲು ಅದು 6–7ನೇ ಪುಟದಲ್ಲಿತ್ತು. ಪಿನ್ ಹೊಡೆದ ಪತ್ರಿಕೆಯಲ್ಲಿ 6 ಮತ್ತು 7 ಬೇರೆ ಬೇರೆ ಹಾಳೆಯ ಮೇಲೆ ಅಚ್ಚಾಗುತ್ತವೆ. ಮಡಚುವಾಗ ಒಂದು ಚೂರು ಸರಿದರೂ ತಂಬೂರಿಯ ದಂಡಿ ಮುರಿದಂತೆ ಕಾಣುತ್ತದೆ. ಒಂದೇ ಹಾಳೆಯಾಗಿ ಬರುವುದು ನಟ್ಟನಡುವಿನ ಜೋಡಿ ಮಾತ್ರ, ಇಪ್ಪತ್ತು ಪುಟದಲ್ಲಿ 10–11. ಹೀಗೆ ಲೇಖನಗಳ ಸರದಿಯನ್ನೇ ತಂಬೂರಿ ಬದಲಿಸಿತು. ಸಂಪಾದಕಿಗೆ ಇದು ಹಿಡಿಸಲಿಲ್ಲ. ನನಗೆ ಹಿಡಿಸಿತು.

ಆ ಲೇಖನದ ಬೆನ್ನಿಗೇ ಒಂದು ನಕ್ಷೆ. ಮೀರಜಿನಲ್ಲಿ ನೆಲೆಸಿದ್ದ, 1937ರಲ್ಲಿ ತೀರಿಕೊಂಡು ಅಲ್ಲಿನ ದರ್ಗಾದ ಆವರಣದಲ್ಲೇ ಮಣ್ಣಾದ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ, ಭೀಮಸೇನರಿಗೆ ಕಿರಾನಾ ಘರಾನೆ (ಗುರುಶಿಷ್ಯರ ಗಾಯನ ಪರಂಪರೆ) ಹರಿದದ್ದನ್ನು ಮರದ ಆಕಾರದಲ್ಲಿ ಬಿಡಿಸಿದ್ದರು. ಅದೇ ಮರದ ಒಂದು ಕೊಂಬೆಯಲ್ಲಿ ಮನ್ಸೂರರನ್ನೂ ಕೂರಿಸಿದ್ದರು, ಧಾರವಾಡದವರೆಲ್ಲ ಕಿರಾನಾ ಎಂಬ ಭಾವನೆಯಲ್ಲಿ. ಮನ್ಸೂರರು ಮೊದಲು ಮೀರಜಿನ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ ಕಲಿತವರು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್, ಬುರ್ಜೀ ಖಾನರಲ್ಲಿ ಜೈಪುರ-ಅತ್ರೌಲಿ. ಅಚ್ಚಿಗೆ ಮುಂಚೆ ಸಂಗೀತ ಶಿಕ್ಷಕರೊಬ್ಬರಿಗೆ ಪುಟ ತೋರಿಸಿದ್ದರಿಂದ ತಪ್ಪು ಸಿಕ್ಕಿತು. ತಿದ್ದಹೊರಟಾಗ ಮರವೇ ನಿಲ್ಲಲಿಲ್ಲ. ಮರದಲ್ಲಿ ಒಂದು ಕೊಂಬೆಗೆ ಒಂದೇ ಬೇರು. ಇಲ್ಲಿ ಮನ್ಸೂರರಿಗೇ ಎರಡು ದಾರಿ. ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ರಾಜಗುರು ಅವರಂತೂ ಹಲವು ಉಸ್ತಾದರ ಬಳಿ ಹೋಗಿ ಕಲಿತವರು. ಕೊನೆಗೆ ಬಣ್ಣದ ಗೆರೆಗಳು ಅಲ್ಲಲ್ಲಿ ಒಂದನ್ನೊಂದು ದಾಟುವ ಮೆಟ್ರೋ ನಕ್ಷೆಯ ರೂಪಕ್ಕೆ ಬಂದರು. ತಪ್ಪೊಂದನ್ನು ತಿದ್ದಲು ಹೋಗಿ ಪುಟಕ್ಕೆ ಹೊಸ ಆಕಾರವೇ ಸಿಕ್ಕಿತು. ಇಡೀ ಪತ್ರಿಕೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಪುಟ ಅದು.

ಕ್ಯೂಆರ್ ಕೋಡುಗಳ ವಿಷಯ ಬೇಗ ಮುಗಿಸುತ್ತೇನೆ. ಮೊದಲ ಡಮ್ಮಿಯಲ್ಲಿ ಅವು ಯಾರೋ ಹಕ್ಕಿಲ್ಲದೆ ಏರಿಸಿದ ಧ್ವನಿಮುದ್ರಣಗಳಿಗೆ ಒಯ್ಯುತ್ತಿದ್ದವು. ಅವನ್ನೆಲ್ಲ ತೆಗೆದು ಎರಡನ್ನೇ ಉಳಿಸಿದರು, ಎರಡೂ ತಾವೇ ಧ್ವನಿಮುದ್ರಿಸಿಕೊಂಡವು: ಮೀರಜಿನ ಅಂಗಡಿಯಲ್ಲಿ ತಂಬೂರಿಯನ್ನು ಪ-ಸ-ಸ-ಸ ಶ್ರುತಿಗೆ ತರುವ ಸದ್ದು, ಮತ್ತು ಮುಖಪುಟದ ಹುಡುಗಿಯ ತಬಲಾ. ಬಿಳಿ ನೆಲದ ಮೇಲೆ ಕಪ್ಪು ಕೋಡ್, 2 ಸೆಂಟಿಮೀಟರಿಗಿಂತ ಕಿರಿದಾಗದಂತೆ. ಮೊದಲಿನ ಕಪ್ಪು ನೆಲದ ಬಿಳಿ ಕೋಡನ್ನು ಕೆಲವು ಫೋನುಗಳು ಓದುತ್ತಲೇ ಇರಲಿಲ್ಲ.

ಏನಾಯಿತು

ಪತ್ರಿಕೆ ಗಡುವಿನೊಳಗೆ ಬಂತು. ಡಿಜಿಟಲ್ ಅಚ್ಚು, ಪ್ರತಿಗಳು ಕೆಲವೇ. ಮೌಖಿಕ ಪರೀಕ್ಷೆಯಲ್ಲಿ ಜೋಡಿಪುಟಕ್ಕೂ ನಕ್ಷೆಗೂ ಮೆಚ್ಚುಗೆ ಸಿಕ್ಕಿತು, ಪರಿವಿಡಿ ಪುಟಕ್ಕೆ ಟೀಕೆ. ಟೀಕೆ ನ್ಯಾಯವಾದದ್ದೇ: ಪರಿವಿಡಿಯನ್ನು ಕೊನೆಯ ರಾತ್ರಿ ಕಟ್ಟಿದ್ದರು, ಹಾಗೆಯೇ ಕಾಣುತ್ತಿತ್ತು. ಸಿನಿಮಾ ಸಂಗೀತವನ್ನು ಪೂರ್ತಿ ಕೈಬಿಟ್ಟದ್ದೇಕೆ ಎಂದು ಪರೀಕ್ಷಕರು ಕೇಳಿದರು. ಕಲಿಯುವವನಿಗಾಗಿ ಎಂದು ಸಂಪಾದಕಿ ಹೇಳಿದಳು. ಕಲಿಯುವವರಲ್ಲಿ ಹೆಚ್ಚಿನವರು ಮೊದಲು ಬಾರಿಸಲು ಹೊರಡುವುದು ಸಿನಿಮಾ ಹಾಡನ್ನೇ ಅಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದಾಗ ಅವಳಲ್ಲಿ ಉತ್ತರ ಇರಲಿಲ್ಲ. ನನ್ನಲ್ಲೂ ಇಲ್ಲ. ಓದುಗನನ್ನು ಹೆಸರಿಸಿದ್ದು ಸರಿ, ಆದರೆ ಅವನ ರುಚಿಯನ್ನು ತಂಡ ತಾನೇ ಶುದ್ಧಗೊಳಿಸಿಬಿಟ್ಟಿತ್ತು.

ಇನ್ನೊಂದು ಸಂಗತಿಯನ್ನು ವಿನ್ಯಾಸ ಕಲಿಯುವವರು ಗಮನಿಸಬೇಕು. ಪ್ರತಿಗಳು ಕೈಯಿಂದ ಕೈಗೆ ಹೋದಾಗ ಜನ ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡ ಪುಟ ತಂಬೂರಿಯದಲ್ಲ, ನಕ್ಷೆಯದೂ ಅಲ್ಲ. ಹಳೆಯ ಹಾರ್ಮೋನಿಯಂ ಕೊಳ್ಳುವಾಗ ಏನೇನು ನೋಡಬೇಕು ಎಂಬ ಹದಿನಾರನೇ ಪುಟ: ತಿದಿಯಲ್ಲಿ ಗಾಳಿ ಸೋರುತ್ತದೆಯೇ, ಒತ್ತಿದ ಮನೆ (ಕೀಲಿ) ತಾನಾಗಿ ಮೇಲೆ ಬರುತ್ತದೆಯೇ, ಯಾವ ರೀಡು ಉಸಿರುಗಟ್ಟಿದೆ. ಪಕ್ಕದಲ್ಲೊಂದು ಚೌಕಟ್ಟು, 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮಿಗೆ ನಿಷೇಧ ಹೇರಿ ಮೂರು ದಶಕ ಹೊರಗಿಟ್ಟ ಕಥೆ. ಆ ಪುಟದಲ್ಲಿ ವಿನ್ಯಾಸ ಎನ್ನುವಂಥದ್ದು ಏನೂ ಇಲ್ಲ. ಒಂದು ಪಟ್ಟಿ, ಒಂದು ರೇಖಾಚಿತ್ರ, ಸುತ್ತ ಧಾರಾಳ ಬಿಳಿ ಜಾಗ. ವಿನ್ಯಾಸಗಾರ ಅದನ್ನು ತನ್ನ ಪೋರ್ಟ್‌ಫೋಲಿಯೊದಲ್ಲಿ ಸೇರಿಸಲಿಲ್ಲ. ಸೇರಿಸಬೇಕಿತ್ತು ಎಂದು ಅವನಿಗೆ ಹೇಳಿದ್ದೇನೆ.

ಇದೇ ದಾರಿ ಹಿಡಿಯುವವರಿಗೆ

ತಂಡ ಹೆಚ್ಚು ಹೊತ್ತು ಕಳೆದದ್ದು ಮೊದಲ ಡಮ್ಮಿಯನ್ನು ಚಂದಗಾಣಿಸುವುದರಲ್ಲಿ. ಅದರಿಂದ ಕೊನೆಗೆ ಉಳಿದದ್ದು ಬಹಳ ಕಡಿಮೆ. ಓದುಗರೊಂದಿಗೆ ಎರಡನೆಯ ಸುತ್ತಿನ ಮಾತು ಮೊದಲೇ ಆಗಿದ್ದರೆ ಆ ರಾತ್ರಿಗಳು ಪರಿವಿಡಿಗೆ ಸಿಗುತ್ತಿದ್ದವು. ಮಾರ್ಗದರ್ಶಕರಾಗುವವರು ಡಮ್ಮಿ ತನ್ನಿ ಎನ್ನುವ ಮೊದಲು ಓದುಗರ ಪ್ರಶ್ನೆಗಳನ್ನು ತನ್ನಿ ಎನ್ನುವುದು ಒಳ್ಳೆಯದು. ಗ್ರಂಥಾಲಯದ ಮೇಜಿನ ಪ್ರಯೋಗ ಅಗ್ಗದ್ದು, ಆದರೆ ಅದರ ಫಲವನ್ನು ಎತ್ತಿದವರ ಎಣಿಕೆಯಲ್ಲಿ ಮಾತ್ರ ನೋಡಿದ್ದರೆ ನಕ್ಷತ್ರದ ಮುಖವೇ ಗೆಲ್ಲುತ್ತಿತ್ತು. ಎತ್ತಿದ ಮೇಲೆ ಏನನ್ನು ಹುಡುಕಿದರು ಎಂಬುದನ್ನೂ ಬರೆದುಕೊಂಡದ್ದರಿಂದ ದಾರಿ ಬದಲಾಯಿತು. ಕನ್ನಡದಲ್ಲಿ ಪುಟ ಕಟ್ಟುವವರು ಫಾಂಟ್ ಮತ್ತು ಕೀಲಿಮಣೆಯನ್ನು ಮೊದಲ ವಾರವೇ ನಿರ್ಧರಿಸಿ, ಎಲ್ಲರೂ ಯೂನಿಕೋಡಿನಲ್ಲೇ ಟೈಪಿಸುವಂತೆ ಮಾಡಿದರೆ ಅರ್ಧ ತಲೆನೋವು ಕಳೆಯುತ್ತದೆ. ಅನೆಕ್ ಕನ್ನಡ, ಬಾಲೂ ತಮ್ಮ, ನೋಟೋ, ತಿರೋ ಕನ್ನಡ ಮುಂತಾದ ಮುಕ್ತ ಫಾಂಟುಗಳು ಈಗ ಇರುವುದರಿಂದ ಶೀರ್ಷಿಕೆಗೊಂದು, ಪಠ್ಯಕ್ಕೊಂದು ಆರಿಸಲು ದುಡ್ಡಿನ ಅಡ್ಡಿಯೂ ಇಲ್ಲ.

ತಂಡದ ಸ್ಟೈಲ್‌ಶೀಟು (ಅಕ್ಷರ, ಅಳತೆ, ಬಣ್ಣಗಳ ನಿಯಮಪಟ್ಟಿ) ಈಗ ಮುಂದಿನ ಬ್ಯಾಚಿನವರ ಕೈಯಲ್ಲಿದೆ. ಅವರು ಎರಡು ಕಾಲಂ, ಕೆಂಪು ಬಣ್ಣ ಹಾಗೇ ಇಟ್ಟುಕೊಂಡಿದ್ದಾರೆ. ಪರೀಕ್ಷಕರ ಪ್ರಶ್ನೆಯನ್ನು ಹಿಡಿದುಕೊಂಡು, ಮದುವೆ ಆರ್ಕೆಸ್ಟ್ರಾಗಳಲ್ಲಿ ಸಿನಿಮಾ ಹಾಡು ಹಾಡುವವರ ಮೇಲೆ ಇಡೀ ಸಂಚಿಕೆ ಮಾಡುವ ಯೋಚನೆಯಲ್ಲಿದ್ದಾರೆ. ಹೊಸ ವಿನ್ಯಾಸಗಾರ್ತಿಗೆ ಮಾತ್ರ ಮುಖಪುಟದಲ್ಲಿ ಮತ್ತೆ ಕಪ್ಪು ಹಿನ್ನೆಲೆ ಬೇಕಂತೆ. ರಾತ್ರಿ ಹತ್ತರ ಪೆಂಡಾಲಿನ ಸಂಗೀತವನ್ನು ಬಿಳಿ ಕಾಗದದ ಮೇಲೆ ತೋರಿಸುವುದು ಹೇಗೆ ಎಂದು ಕೇಳುತ್ತಿದ್ದಾಳೆ.